ಲಾಗ್ ಸರ್ವಿಸ್ ನಿಲ್ಲಿಸ್ಲಿಕ್ಕೆ ಯಾವ ದಾರಿ ಒಳ್ಳೇದು, ಎಲ್ಲ ಮಾಡಿ ನೋಡಿದ್ದೇನೆ

ಹೋದ ಆಟಿ ತಿಂಗಳಲ್ಲಿ, ಹೊರಗೆ ಬಿಡದೆ ಮಳೆ, ಕಾಸರಗೋಡಿನ ನಮ್ಮ ಆಫೀಸಿನ ಒಂದು ಲಿನಕ್ಸ್ ಸರ್ವರಲ್ಲಿ ವಾರ್ ಪಾರ್ಟಿಷನ್ (/var, ಲಾಗ್ ಅಂದ್ರೆ ಸಿಸ್ಟಮಲ್ಲಿ ಏನೇನಾಯ್ತು ಅಂತ ಬರೆದಿಡುವ ಫೈಲುಗಳು ಇರುವ ಡಿಸ್ಕಿನ ಭಾಗ) 100% ತುಂಬಿ ಡೇಟಾಬೇಸೇ ನಿಂತು ಹೋಯ್ತು. ನನ್ನೊಟ್ಟಿಗೆ ಕೆಲಸ ಮಾಡುವ ಬದಿಯಡ್ಕದ ಹುಡುಗ ಗಡಿಬಿಡಿಯಲ್ಲಿ 38 ಜಿಬಿಯ ಲಾಗ್ ಫೈಲನ್ನೇ ಅಳಿಸಿಬಿಟ್ಟ. "ಅಣ್ಣಾ, ಫೈಲ್ ಹೋಯ್ತು, ಆದ್ರೆ ಜಾಗ ಬರ್ಲಿಲ್ಲ, ಇನ್ನೆಂತ ಮಾಡುದು?" ಅಂತ ಕೇಳ್ದ. ಯಾವ ಪ್ರೋಗ್ರಾಂ ಯಾವ ಫೈಲ್ ತೆರೆದಿಟ್ಟಿದೆ ಅಂತ ತೋರಿಸುವ ಎಲ್‌ಎಸ್‌ಓಎಫ್ ಕಮಾಂಡ್ ಹಾಕಿ ನೋಡಿದ್ರೆ ಫೈಲಿನ ಹೆಸರಿನ ಮುಂದೆ ಡಿಲೀಟೆಡ್ ಅಂತ ಉಂಟು, ಲಾಗ್ ಬರೆಯುವ ಸರ್ವಿಸ್ ಆರ್‌ಸಿಸ್‌ಲಾಗ್ ಇನ್ನೂ ಅದನ್ನು ಹಿಡ್ಕೊಂಡೇ ಕೂತಿದೆ. ಹಿಡಿದವ ಬಿಡುವ ತನಕ ಡಿಸ್ಕಲ್ಲಿ ಜಾಗ ಸಿಕ್ಕುದಿಲ್ಲ.

ಆಮೇಲೆ ನಾನು ಒಂದು ಉಬುಂಟು, ಒಂದು ರೆಡ್ ಹ್ಯಾಟ್ (ಎರಡೂ ಲಿನಕ್ಸಿನ ಬಗೆಗಳೇ), ಹೀಗೆ ಎರಡು ಟೆಸ್ಟ್ ಮೆಷಿನ್ ಇಟ್ಕೊಂಡು ಲಾಗಿಗೆ ಮೆಸೇಜ್ ಹಾಕುವ ಲಾಗರ್ ಕಮಾಂಡಲ್ಲಿ ನಂಬರ್ ಹಾಕಿದ ಮೆಸೇಜ್ ಕಳಿಸ್ತಾ ಒಂದೊಂದೇ ದಾರಿ ನೋಡಿದೆ, ಎಲ್ಲಿ ನಂಬರ್ ತಪ್ಪಿದೆಯೋ ಅಲ್ಲಿ ಲಾಗ್ ಹೋಯ್ತು ಅಂತ ಲೆಕ್ಕ.

ಕಿಲ್ ಮೈನಸ್ 9 (ಪ್ರೋಗ್ರಾಮನ್ನು ಒಮ್ಮೆಗೇ ಬಲವಂತವಾಗಿ ಕೊಲ್ಲುದು) ಮಾಡ್ಲೇ ಬೇಡಿ. ಮೆಮೊರಿಯ ಕ್ಯೂನಲ್ಲಿ ಇದ್ದ ಮೆಸೇಜೆಲ್ಲ ಹೋಗ್ತದೆ, ಮೇಲಿಂದ ಸರ್ವಿಸ್ ಫೈಲಲ್ಲಿ ರೀಸ್ಟಾರ್ಟ್ ಆನ್ ಫೇಲ್ಯೂರ್ (ಎಡವಟ್ಟಾಗಿ ನಿಂತ್ರೆ ಪುನಃ ಶುರು ಮಾಡು) ಅಂತ ಇರುದ್ರಿಂದ ಎಲ್ಲ ಸರ್ವಿಸನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ವಾಪಸ್ ಎಬ್ಬಿಸ್ತದೆ, ನಿಲ್ಲಿಸಿದ್ದೂ ಆಗ್ಲಿಲ್ಲ, ಲಾಗೂ ಹೋಯ್ತು.

ಸಿಸ್ಟಮ್‌ಡಿಗೆ ಹೇಳುವ ಕಮಾಂಡ್ ಸಿಸ್ಟಮ್‌ಸಿಟಿಎಲ್, ಅದರಲ್ಲಿ ಸ್ಟಾಪ್ ಮಾಡುದು ಸರಿಯಾದ ದಾರಿ, ಆದ್ರೆ ಉಬುಂಟುವಿನಲ್ಲಿ ಸರ್ವಿಸನ್ನು ಮಾತ್ರ ನಿಲ್ಲಿಸಿದ್ರೆ ಮೆಸೇಜ್ ಬಂದು ಸೇರುವ ಸಿಸ್‌ಲಾಗ್ ಸಾಕೆಟ್ ಇದನ್ನು ಪುನಃ ಎಬ್ಬಿಸಬಹುದು ಅಂತ ಎಚ್ಚರಿಕೆ ಬರ್ತದೆ, ನಾನು ಅದನ್ನು ಓದದೆ ಮುಂದೆ ಹೋದೆ, ಒಂದು ಮೆಸೇಜ್ ಬಂದದ್ದೇ ತಡ, ಸರ್ವಿಸ್ ಎದ್ದು ಕೂತಿತು. ಸಾಕೆಟ್, ಸರ್ವಿಸ್ ಎರಡನ್ನೂ ಒಂದೇ ಕಮಾಂಡಲ್ಲಿ ನಿಲ್ಲಿಸ್ಬೇಕು. ರೆಡ್ ಹ್ಯಾಟಲ್ಲಿ ಕಥೆ ಬೇರೆ, ಅಲ್ಲಿ ಆರ್‌ಸಿಸ್‌ಲಾಗ್ ಲೋಕಲ್ ಮೆಸೇಜನ್ನು ಜರ್ನಲಿಂದ (ಸಿಸ್ಟಮ್‌ಡಿಯದ್ದೇ ಲಾಗ್, ಜರ್ನಲ್‌ಡಿ ಅಂತ ಸರ್ವಿಸ್ ಅದನ್ನು ಬರೆಯುದು) ಓದ್ತದೆ, ಎಲ್ಲಿವರೆಗೆ ಓದಿದೆ ಅಂತ ಒಂದು ಸ್ಟೇಟ್ ಫೈಲಲ್ಲಿ ಬರ್ದಿಡ್ತದೆ. ಐದು ನಿಮಿಷ ನಿಲ್ಲಿಸಿ ಪುನಃ ಶುರು ಮಾಡಿದೆ, ಬಿಟ್ಟಲ್ಲಿಂದಲೇ ಓದಿತು, ಒಂದು ನಂಬರೂ ತಪ್ಪಿರ್ಲಿಲ್ಲ. ಇದು ನಂಗೆ ತುಂಬ ಖುಷಿ ಆಯ್ತು. ಆದ್ರೆ ಬೇರೆ ಮೆಷಿನಿಂದ ಯುಡಿಪಿ 514ರಲ್ಲಿ (ತಲುಪಿತಾ ಅಂತ ನೋಡದೆ ಕಳಿಸುವ ನೆಟ್‌ವರ್ಕ್ ದಾರಿ) ಬರುವ ಲಾಗ್ ಉಂಟಲ್ಲ, ಆ ಐದು ನಿಮಿಷದ್ದು ಪೂರ್ತಿ ಹೋಗಿತ್ತು, ಸ್ವಿಚ್, ಫೈರ್‌ವಾಲ್ ಎಲ್ಲ ಇದಕ್ಕೇ ಕಳಿಸುವ ಸೆಂಟ್ರಲ್ ಲಾಗ್ ಸರ್ವರಾದ್ರೆ ಮೊದ್ಲೇ ಎಲ್ಲರಿಗೂ ಹೇಳಿ, ಹೊತ್ತು ನೋಡಿ ನಿಲ್ಲಿಸಿ.

ಆದ್ರೆ ನಮ್ಗೆ ಆವತ್ತು ಬೇಕಾದ್ದು ನಿಲ್ಲಿಸುದಲ್ಲ, ಫೈಲ್ ಬಿಡಿಸುದು. ಅದಕ್ಕೆ ಹಪ್ ಸಿಗ್ನಲ್ (SIGHUP, ಓಡ್ತಾ ಇರುವ ಪ್ರೋಗ್ರಾಮಿಗೆ ಕೊಡುವ ಒಂದು ಸೂಚನೆ) ಸಾಕು, ಆರ್‌ಸಿಸ್‌ಲಾಗ್ ಹಳೇ ಫೈಲ್ ಮುಚ್ಚಿ ಹೊಸ ಫೈಲ್ ತೆರೀತದೆ. ಹಳೇ ಲಾಗನ್ನು ಬದಿಗಿಟ್ಟು ಹೊಸದು ಶುರು ಮಾಡಿಸುವ ಲಾಗ್‌ರೊಟೇಟ್ ಮಾಡುದೂ ಇದನ್ನೇ. ನನ್ನ ಟೆಸ್ಟಲ್ಲಿ ಒಂದು ಮೆಸೇಜೂ ತಪ್ಪಲಿಲ್ಲ. ಕಾನ್ಫಿಗ್ ಬದಲಾಯಿಸಿದ್ರೆ ಮಾತ್ರ ಹಪ್ ಸಾಕಾಗುದಿಲ್ಲ, ರೀಸ್ಟಾರ್ಟೇ ಬೇಕು. ಲಾಗ್‌ರೊಟೇಟಿನ ಕಾಪಿ ಟ್ರಂಕೇಟ್ ಕೂಡ ನೋಡಿದೆ, ಕಾಪಿ ಮುಗಿದು ಖಾಲಿ ಮಾಡುವ ನಡುವೆ ಬಂದ ಕೆಲವು ಸಾಲು ಹೋಗ್ತದೆ, ಬೇರೆ ದಾರಿ ಇಲ್ಲದ ಅಪ್ಲಿಕೇಶನ್ನಿಗೆ ಮಾತ್ರ ಅದು.

ಜರ್ನಲ್‌ಡಿಯನ್ನು ಸ್ಟಾಪ್ ಮಾಡ್ಬೇಡಿ, ಮಾಡಿದ್ರೆ ಎಲ್ಲ ಸರ್ವಿಸಿನ ಔಟ್‌ಪುಟ್ ಕನೆಕ್ಷನ್ ಕಡಿದು ಹೋಗ್ತದೆ, ಆಮೇಲೆ ಶುರು ಮಾಡಿದ್ರೂ ಹಳೇ ಸರ್ವಿಸುಗಳು ಬರೀಲಿಕ್ಕೆ ಹೋದಾಗ ಪೈಪ್ ಎರರ್ ಬರ್ತದೆ. ರೀಸ್ಟಾರ್ಟ್ ಮಾಡಿದ್ರೆ ಆ ಕನೆಕ್ಷನ್ ಸಿಸ್ಟಮ್‌ಡಿ ಕಾದಿಟ್ಟು ವಾಪಸ್ ಕೊಡ್ತದೆ. ಜಾಗದ ಸಮಸ್ಯೆಗೆ ಜರ್ನಲ್‌ಸಿಟಿಎಲ್ ಕಮಾಂಡಿಗೆ ವ್ಯಾಕ್ಯೂಮ್ ಸೈಜ್ ಕೊಟ್ರೆ ಹಳೇದು ಹೋಗ್ತದೆ, ಕಾಯಂ ಆಗಿ ಜರ್ನಲ್‌ಡಿಯ ಕಾನ್ಫಿಗಲ್ಲಿ ಸಿಸ್ಟಮ್ ಮ್ಯಾಕ್ಸ್ ಯೂಸ್ ಹಾಕಿ, ಹಾಕದಿದ್ರೆ ಫೈಲ್‌ಸಿಸ್ಟಮಿನ 10%, ಹೆಚ್ಚೆಂದ್ರೆ 4 ಜಿಬಿ ತಿಂತದೆ.

ಯಾರು ಎಂತ ಮಾಡಿದ್ರು ಅಂತ ಭದ್ರತೆಗಾಗಿ ದಾಖಲೆ ಇಡುವ ಆಡಿಟ್‌ಡಿ ರೆಡ್ ಹ್ಯಾಟಲ್ಲಿ ಸಿಸ್ಟಮ್‌ಸಿಟಿಎಲ್ ಮಾತು ಕೇಳುದೇ ಇಲ್ಲ, ಆಪರೇಷನ್ ರೆಫ್ಯೂಸ್ಡ್ ಅಂತದೆ. ಯಾರು ನಿಲ್ಲಿಸಿದ್ರು ಅಂತ ದಾಖಲೆ ಆಗ್ಬೇಕು, ಸಿಸ್ಟಮ್‌ಸಿಟಿಎಲ್ ಮೂಲಕ ಹೋದ್ರೆ ಸಿಗ್ನಲ್ ಕಳಿಸುದು ನಮ್ಮ ಲಾಗಿನ್ ಅಲ್ಲ, ಸಿಸ್ಟಮ್‌ಡಿ. ಹಾಗಾಗಿ ಸರ್ವಿಸ್ ಆಡಿಟ್‌ಡಿ ಸ್ಟಾಪ್ ಅಂತ ಹಳೇ ಕಮಾಂಡೇ ಹಾಕಬೇಕಾಯ್ತು. ಇಲ್ಲಿ ಅಡ್ಡದಾರಿ ಹುಡುಕುದು ತಪ್ಪು ಅಂತ ನನ್ನ ಖಂಡಿತ ಅಭಿಪ್ರಾಯ.

ಆವತ್ತು ಸಂಜೆ ಹಪ್ ಕೊಟ್ಟ ಕೂಡ್ಲೇ ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಕಮಾಂಡ್ ಹಾಕಿ ನೋಡಿದೆವು, 100 ಇದ್ದದ್ದು 61%ಕ್ಕೆ ಇಳ್ದಿತ್ತು, ಹುಡುಗ ಸ್ಕ್ರೀನ್ ನೋಡಿ ಉಸಿರು ಬಿಟ್ಟ, ಆಮೇಲೆ ಇಬ್ರೂ ಸೇರಿ ಡೇಟಾಬೇಸ್ ಎಬ್ಬಿಸಿದೆವು.