‘ಚಂಡೀಗಢ ಒರಿಜಿನಲ್’ ಕುರ್ಚಿ: ರೇಟ್ ಮಾತಾಡೋ ಮುಂಚೆ ಬೋರಲು ಹಾಕಿ ನೋಡ್ರಿ

ಸಾಗವಾನಿ ಚೌಕಟ್ಟು, ಬೆತ್ತದ ಹೆಣಿಗೆ, ವಿ ಆಕಾರದ ಕಾಲು. ಕಲಬುರಗಿಯ ಹಳೆ ಫರ್ನಿಚರ್ ಅಂಗಡಿಯಲ್ಲಿ ಇಂಥ ತಗ್ಗು ಕುರ್ಚಿ ಕಂಡರೆ ‘ಚಂಡೀಗಢ ಒರಿಜಿನಲ್ ಐತ್ರಿ’ ಅನ್ನುವ ಮಾತು ಜೊತೆಗೇ ಬರುತ್ತದೆ. ಕುರ್ಚಿ ಕೆಟ್ಟದ್ದಲ್ಲ. ಬೆನ್ನಿಗೆ ಹಿತ, ನಮ್ಮ ಬಿಸಿಲಿಗಂತೂ ರೆಕ್ಸಿನ್ ಸೋಫಾಕ್ಕಿಂತ ಬೆತ್ತವೇ ಲೇಸು. ಆದರೆ ಹೆಸರಿಗೆ ದುಡ್ಡು ಕೊಡಬೇಡಿ, ಕಟ್ಟಿಗೆಗೆ ಕೊಡಿ.

ಅಸಲಿ ಕುರ್ಚಿಗಳು ವಾಸ್ತುಶಿಲ್ಪಿ ಪಿಯೆರ್ ಜೀನರೆ 1951ರಿಂದ 1965ರವರೆಗೆ ಚಂಡೀಗಢದಲ್ಲಿದ್ದಾಗ ಅಲ್ಲಿನ ಕಚೇರಿ, ಕಾಲೇಜುಗಳಿಗಾಗಿ ತಯಾರಾದವು. ಆಮೇಲೆ ಗುಜರಿ ಲೆಕ್ಕದಲ್ಲಿ ಹರಾಜಾಗಿ, ವಿದೇಶದಲ್ಲಿ ಲಕ್ಷಗಟ್ಟಲೆ ಬೆಲೆಗೆ ಹೋದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಅವುಗಳ ಮಾರಾಟ, ರಫ್ತಿಗೆ ತಡೆಯೊಡ್ಡಿ ಆದೇಶ ಹೊರಡಿಸಿತು. ಹಾಗಾಗಿ ಹರಾಜಿನ ಕಾಗದ ಇಲ್ಲದ ‘ಒರಿಜಿನಲ್’ ಮುಟ್ಟದಿರುವುದೇ ವಾಸಿ. ಹಿಂಬದಿಯಲ್ಲಿ ಇಲಾಖೆಯ ಹೆಸರು, ನಂಬರು ಬಿಳಿ ಅಕ್ಷರದಲ್ಲಿದೆ ಅಂತ ತೋರಿಸುತ್ತಾರೆ. ಅದನ್ನು ಬರೆಯಲು ಒಂದು ಡಬ್ಬಿ ಪೇಂಟ್ ಸಾಕು!

ಕುರ್ಚಿಯನ್ನು ಬೋರಲು ಹಾಕಿಸಿ. ಆಸನದ ಕೆಳಗೆ, ಕಾಣದ ಜಾಗದಲ್ಲಿ ಬ್ಲೇಡಿನಿಂದ ಸ್ವಲ್ಪ ಕೆರೆದರೆ ಸಾಗವಾನಿ ಒಳಗೂ ಹೊಂಬಣ್ಣದ ಕಂದು, ಎಣ್ಣೆ ಬೆರೆತ ಚರ್ಮದಂಥ ವಾಸನೆ. ಬಿಳಿಚಿಕೊಂಡರೆ ಅದು ಸಾಮಾನ್ಯವಾಗಿ ಬಣ್ಣ ಬಳಿದ ಬೇರೆ ಕಟ್ಟಿಗೆ. ಐವತ್ತರ ದಶಕದ ಕೆಲಸವಾದರೆ ಸ್ಕ್ರೂ ತಲೆಯಲ್ಲಿ ಸಾಮಾನ್ಯವಾಗಿ ಒಂದೇ ಗೀರು. ಪ್ಲಸ್ ಗುರುತಿದ್ದರೆ ಈಚೆಗೆ ಮಾಡಿದ್ದು, ಇಲ್ಲವೆ ಬಿಚ್ಚಿ ಜೋಡಿಸಿದ್ದು. ಬೆತ್ತವನ್ನು ಚೌಕಟ್ಟಿನ ತೂತುಗಳಿಗೆ ಎಳೆ ಎಳೆಯಾಗಿ ಹೊಲಿದಿರಬೇಕು. ಚೌಕಟ್ಟಿನಲ್ಲಿ ಕೊರೆದ ಉದ್ದ ಗೀರಿಗೆ ರೆಡಿಮೇಡ್ ಜಾಳಿಗೆ ತುರುಕಿದ್ದರೆ ಕುರ್ಚಿಯೇ ಹೊಸ ಮಾಲು, ಅದರಲ್ಲಿ ಚರ್ಚೆಯಿಲ್ಲ. ಆದರೆ ತೂತುಗಳಿಗೆ ಹೊಲಿದ ಬೆತ್ತ ಹೊಸದಾದ ಮಾತ್ರಕ್ಕೆ ಕುರ್ಚಿ ನಕಲಿಯಲ್ಲ. ಬೆತ್ತ ಹರಿಯುವಂಥದ್ದೇ, ಬದಲಿಸುವಂಥದ್ದೇ.

ಇನ್ನು ಕೈಹಿಡಿ ಹಿಡಿದು ಮೂಲೆಯಿಂದ ಮೂಲೆಗೆ ಅಲ್ಲಾಡಿಸಿ. ಸಂದು ಕಿರ್ ಅಂದರೆ ಗಾಬರಿ ಬೇಡ. ಒಳ್ಳೆ ಬಡಿಗ ಸಂದು ಬಿಚ್ಚಿ, ಹಳೆ ಸರಸು (ಅಂಟು) ಪೂರ್ತಿ ಕೆರೆದು, ಫೆವಿಕಾಲ್ ಹಚ್ಚಿ, ಕ್ಲಾಂಪ್ ಹಾಕಿ 24 ತಾಸು ಬಿಟ್ಟರೆ ಗಟ್ಟಿ. ಹಳೆ ಸರಸಿನ ಮೇಲೇ ಹಚ್ಚಿದರೆ ಹಿಡಿಯುವುದಿಲ್ಲ. ಸಂದಿಗೆ ಮೊಳೆ ಹೊಡೆದದ್ದು ಕಂಡರೆ ಮಾತ್ರ ಬಿಡಿ: ಕಟ್ಟಿಗೆ ಒಳಗೇ ಸೀಳಿರಬಹುದು. ಸಣ್ಣ ತೂತಿನಿಂದ ತಾಜಾ ಪುಡಿ ಉದುರುತ್ತಿದ್ದರೂ ಬಿಡಿ, ಹುಳ ಇನ್ನೂ ಒಳಗಿದೆ.

ನಮ್ಮ ಕಡೆ ಬೆತ್ತದ ವೈರಿ ಕೂಲರ್. ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟಿದ ಒಣ ಗಾಳಿ, ರಾತ್ರಿ ಕೂಲರಿನ ತೇವ. ಬೆತ್ತ ಹಿಗ್ಗಿ ಕುಗ್ಗಿ ತೂತಿನ ಅಂಚಿನಲ್ಲೇ ಹರಿಯುತ್ತದೆ, ಸಂದೂ ಸಡಿಲವಾಗುತ್ತದೆ. ಬೇಸಿಗೆಯಲ್ಲಿ ಆಗಾಗ ಒದ್ದೆ ಬಟ್ಟೆಯಿಂದ ಕೆಳಮೈ ಒರೆಸಿ. ಮೇಲ್ಮೈಯ ಹೊಳಪು ಸಿಪ್ಪೆ ನೀರು ಹೀರುವುದಿಲ್ಲ. ಹೊಸದಾಗಿ ಹೆಣೆಸುವಾಗ ಎಳೆಗಳನ್ನು ಅರ್ಧ ತಾಸು ನೆನೆಸಿದ್ದಾರೋ ಕೇಳಿ; ಒಣ ಎಳೆ ಬಾಗುವಲ್ಲಿ ಮುರಿಯುತ್ತದೆ, ನೆಂದದ್ದು ಒಣಗಿದ ಮೇಲೆ ಬಿಗಿಯುತ್ತದೆ.

ಮನೆಯಲ್ಲಿ ಮೊಣಕಾಲು ನೋವಿನ ಹಿರಿಯರಿದ್ದರೆ ಎತ್ತರ ಅಳೆಯಿರಿ. ಊಟದ ಕುರ್ಚಿ 18 ಇಂಚಿನ ಆಸುಪಾಸು ಇದ್ದರೆ ಇದು ಅದಕ್ಕಿಂತ ತಗ್ಗು, ಎದ್ದೇಳಲು ಕಷ್ಟ.

ಅಮೆರಿಕದ ವಿನ್ಯಾಸಕರಾದ ಈಮ್ಸ್ ದಂಪತಿಯ 1956ರ ಲೌಂಜ್ ಕುರ್ಚಿ ಅಂತಲೂ ಒಮ್ಮೊಮ್ಮೆ ಮಾರಾಟಕ್ಕೆ ಬರುತ್ತದೆ. ಅಸಲಿಗೆ ಬುಡದಲ್ಲಿ ಐದು ಕಾಲು, ಜೊತೆಯ ಕಾಲ್ಮಣೆಗೆ ನಾಲ್ಕು. ಬೆನ್ನಿನ ಪ್ಲೈವುಡ್ಡಿನ ಹೊರಮೈಯಲ್ಲಿ ಬೋಲ್ಟ್ ಕಾಣುವುದಿಲ್ಲ, ಹಿಂದಕ್ಕೆ ವಾಲಿಸುವ ಹಿಡಿಕೆಯೂ ಇರುವುದಿಲ್ಲ. ನಿಜವಾದ ಹಳೆಯದೇ ಸಿಕ್ಕರೂ ಬೆನ್ನು ಹಿಡಿದ ರಬ್ಬರ್ ಒಣಗಿ ಬಿಟ್ಟುಕೊಳ್ಳುವ ಭಯ ಇದ್ದೇ ಇದೆ, ಆ ರಿಪೇರಿ ಇಲ್ಲಿಯ ಬಡಿಗರ ಕೆಲಸವಲ್ಲ.

ಕೊಳ್ಳುವಾಗ ಬಿಲ್ಲಿನಲ್ಲಿ ಯಾವ ಕಟ್ಟಿಗೆ, ಹಳೆಯದೋ ಹೊಸದೋ ಅಂತ ಬರೆಸಿ. ಬಾಯಲ್ಲಿ ‘ಅರವತ್ತು ವರ್ಷದ್ದು’ ಅಂದವರು ಬರೆಯಲು ಹಿಂಜರಿದರೆ ಹೊಸ ಕುರ್ಚಿಯ ರೇಟ್ ಕೇಳಿ, ಅಲ್ಲಿಂದ ಚೌಕಾಸಿ ಶುರು ಮಾಡಿ.