ಕೆಬೆಕ್ ವಂಶಾವಳಿ ತಾಣ: ಮೂರು ವರ್ಷ ಚಂದಾ ಕಟ್ಟಿದವಳ ಅನುಭವ

ನಾನು ಧಾರವಾಡದವಳು, ಗಂಡ ಕೆನಡಾದ ಕೆಬೆಕ್ ಪ್ರಾಂತ್ಯದ ಮಾಂಟ್ರಿಯಲ್‌ನವನು. ಶಾಲೆಯಲ್ಲಿ ವಂಶವೃಕ್ಷ ಬರೆದುಕೊಂಡು ಬರಲು ಹೇಳಿದ್ದಾರೆ ಎಂದು ಮಗಳು ಕುಳಿತಾಗ ನನ್ನ ಕಡೆಯದು ಅವ್ವನಿಗೆ ಮಾಡಿದ ಒಂದೇ ಫೋನಿನಲ್ಲಿ ಮುಗಿಯಿತು. ಗಂಡನ ಕಡೆಯದಕ್ಕೆ ಚರ್ಚಿನ ಹಳೆಯ ದಾಖಲೆಗಳಿರುವ ಒಂದು ಜಾಲತಾಣಕ್ಕೆ ಚಂದಾ ಕಟ್ಟಿದೆ. ಯಾವ ತಾಣವೆಂದು ಬರೆಯುವುದಿಲ್ಲ, ಬಯ್ಯುವುದೂ ಇದೆ.

ಮೊದಲು ಒಳ್ಳೆಯದು. ಕೊಟ್ಟ ಹಣಕ್ಕೆ ನಿಜವಾದ ಬೆಲೆ ಸಿಗುವುದು ದಾಖಲೆಗಳ ಚಿತ್ರಗಳಲ್ಲಿ. ಪಾದ್ರಿಗಳು ನಾಮಕರಣ, ಮದುವೆ, ಮಣ್ಣು ಮೂರನ್ನೂ ಎರಡು ಪ್ರತಿಗಳಲ್ಲಿ ಬರೆಯುತ್ತಿದ್ದರು: ಒಂದು ಚರ್ಚಿಗೆ, ಇನ್ನೊಂದು ಸರ್ಕಾರಕ್ಕೆ. 1940ರ ದಶಕದಲ್ಲಿ ದ್ರೂಯೆಂ ಎಂಬ ವಂಶಾವಳಿ ಸಂಸ್ಥೆ ಇವುಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿತು. ನಾವು ನೋಡುವುದು ಬಹುಮಟ್ಟಿಗೆ ಅದನ್ನೇ. ಮೊದಲ ಮದುವೆಯಾದರೆ ವಧೂವರರಿಬ್ಬರ ತಂದೆತಾಯಿಯರ ಹೆಸರೂ ಇರುತ್ತದೆ. ಹಾಗಾಗಿ ಒಂದು ಮದುವೆ ಸಿಕ್ಕರೆ ಹಿಂದಿನ ಮದುವೆಗೆ ದಾರಿ ಸಿಕ್ಕಂತೆ.

ನನ್ನ ದಾರಿ 1824ರಲ್ಲಿ ಕಟ್ಟಿತು. ಆ ವರ್ಷದ ಮದುವೆಯಲ್ಲಿ ವರ ಲಾಫ್ಲರ್, ಅವನ ತಂದೆಯೂ ಲಾಫ್ಲರ್. ತಂದೆಯ ಮದುವೆ ಮಾತ್ರ ಎಲ್ಲೂ ಇಲ್ಲ. ನಾಲ್ಕು ತಿಂಗಳು ಹುಡುಕಿದೆ. ಕೊನೆಗೆ ತಂದೆಯನ್ನು ಬಿಟ್ಟು ತಾಯಿಯ ಹೆಸರು ಹಾಕಿದೆ. ಮರುಕ್ಷಣ ಮದುವೆ ಎದುರಿಗಿತ್ತು, ಆದರೆ ವರನ ಹೆಸರು ಪ್ವಾರಿಯೇ! ಅದೇ ದಂಪತಿಯ ಮಕ್ಕಳ ನಾಮಕರಣ ತೆಗೆದರೆ ದೊಡ್ಡವನು ಪ್ವಾರಿಯೇ, ಎರಡನೆಯವನು 'ಪ್ವಾರಿಯೇ ದಿ ಲಾಫ್ಲರ್', ಕೊನೆಯವಳು ಬರೀ ಲಾಫ್ಲರ್.

ಈ 'ದಿ' ಎಂದರೆ ಫ್ರೆಂಚಿನಲ್ಲಿ 'ಎಂದು ಕರೆಯಲ್ಪಡುವ'. ಇಂಥ ಹೆಸರುಗಳಲ್ಲಿ ಎಷ್ಟೋ ಸಿಪಾಯಿಗಳಿಗೆ ದಳದಲ್ಲಿ ಇಟ್ಟವು. 1665ರಲ್ಲಿ ಫ್ರಾನ್ಸಿನಿಂದ ಬಂದ ಕಾರಿನ್ಯಾನ್-ಸಾಲಿಯೇರ್ ದಳದ ಸುಮಾರು 1,200 ಸೈನಿಕರಲ್ಲಿ ಕೆಲವು ನೂರು ಜನ ಇಲ್ಲೇ ನೆಲೆಸಿದರು. ಲಾಫ್ಲರ್ ಎಂದರೆ ಹೂವು, ಸಾನ್‌ಸೂಸಿ ಎಂದರೆ ಚಿಂತೆಯಿಲ್ಲದವನು. ಸಂಬಂಧವೇ ಇಲ್ಲದ ಹತ್ತಾರು ಮನೆತನಗಳಿಗೆ ಒಂದೇ ಹೂವು. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳ ನಡುವೆ ಬೆಳೆದ ನನಗೆ ಇದು ಅರ್ಥವಾಗಲು ನಾಲ್ಕು ತಿಂಗಳು ಬೇಕಾದದ್ದು ನಾಚಿಕೆಯ ಸಂಗತಿ.

ಗಂಡಸರ ಹೆಸರು ಹೀಗೆ ಕೈಕೊಟ್ಟಲ್ಲೆಲ್ಲ ಹೆಂಗಸರದ್ದು ಕೈಹಿಡಿಯಿತು. ಇಲ್ಲಿನ ಪಾದ್ರಿಗಳು ಹೆಂಗಸನ್ನು ಮದುವೆಯಾದ ಮೇಲೂ, ಸತ್ತಾಗಲೂ ತವರಿನ ಹೆಸರಿನಿಂದಲೇ ಬರೆಯುತ್ತಿದ್ದರು. 1981ರಿಂದ ಕೆಬೆಕ್‌ನ ಕಾನೂನೂ ಅದನ್ನೇ ಹೇಳುತ್ತದೆ. ಇಲ್ಲಿ ಮದುವೆಯಾದ ನನ್ನ ಅಡ್ಡಹೆಸರು ಉಳಿದದ್ದೂ ಹಾಗೆಯೇ. ಅಮೆರಿಕಕ್ಕೆ ವಲಸೆ ಹೋದವರ ಕಥೆ ಬೇರೆ, ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡರು: ಬುವಾವೇರ್‌ಗಳು ಗ್ರೀನ್‌ವುಡ್ ಆದರು, ರುವಾಗಳು ಕಿಂಗ್ ಆದರು. ಆ ಕವಲಿಗೆ ನಾನಿನ್ನೂ ಕೈಹಾಕಿಲ್ಲ.

ಇನ್ನು ಬೈಗುಳ. ತಾಣದ ಹುಡುಕು ಪೆಟ್ಟಿಗೆಗೆ 'ದಿ' ಎಂದರೇನೆಂದೇ ಗೊತ್ತಿಲ್ಲ, ಅದನ್ನು ನಡುಹೆಸರೆಂದು ತಿಳಿಯುತ್ತದೆ. ಇತರ ಚಂದಾದಾರರು ಕಟ್ಟಿದ ಸಿದ್ಧ ವೃಕ್ಷಗಳನ್ನು 'ನಿಮ್ಮ ಪೂರ್ವಜರು ಸಿಕ್ಕಿದ್ದಾರೆ' ಎಂದು ಮಿಂಚಂಚೆಯಲ್ಲಿ ಕಳಿಸುತ್ತಲೇ ಇರುತ್ತದೆ. ಅಂಥ ಒಂದು ವೃಕ್ಷದಲ್ಲಿ ತಾಯಿ ತೀರಿಕೊಂಡ ಎರಡು ವರ್ಷಕ್ಕೆ ಮಗ ಹುಟ್ಟಿದ್ದ. ನಾಮಕರಣದ ದಾಖಲೆಯಲ್ಲಿ ಊರಿನ ಹುಡುಗಿಯರೆಲ್ಲರ ಮೊದಲ ಹೆಸರು ಮಾರಿ, ಹುಡುಗರೆಲ್ಲರದು ಜೋಸೆಫ್ ಆಗಿರುವಾಗ ಇಂಥ ಎಡವಟ್ಟು ಸಹಜ. ಕರೆಯುವ ಹೆಸರು ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ, ಅದನ್ನು ನೋಡಬೇಕು. ಎರಡನೆಯ ವರ್ಷದ ಚಂದಾ ನನ್ನನ್ನು ಕೇಳದೆಯೇ ಕಾರ್ಡಿನಿಂದ ಕಡಿತವಾಯಿತು, ವಾಪಸು ಬರಲಿಲ್ಲ.

ಐದಕ್ಕೆ ಮೂರು ಅಂಕ, ಮೂರೂ ಚಿತ್ರಗಳಿಗೆ. ಹೊಸಬರು ವರ್ಷದ ಚಂದಾ ಕಟ್ಟಬೇಡಿ. ಮೊದಲು ಮನೆಯ ಹಿರಿಯರಿಂದ ಅಜ್ಜಿ, ಮುತ್ತಜ್ಜಿಯರ ತವರಿನ ಹೆಸರುಗಳನ್ನು ಬರೆದುಕೊಂಡು, ಆಮೇಲೆ ಒಂದು ತಿಂಗಳಿಗೆ ಮಾತ್ರ ಕಟ್ಟಿ. 1800ಕ್ಕಿಂತ ಹಿಂದಿನದನ್ನು ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 1966ರಿಂದ ಕಟ್ಟುತ್ತ ಬಂದ ಜನಸಂಖ್ಯಾ ದತ್ತಾಂಶದೊಂದಿಗೆ ತಾಳೆ ನೋಡಿ. ಕಾರ್ಡಿನ ವಿವರ ಅಳಿಸುವುದನ್ನು ಮರೆಯಬೇಡಿ.