ಟ್ಯಾಲಿಪ್ರೈಮ್: ಸಪ್ಲೈಯರ್ ಬಿಲ್ಲುಗಳ ಜೊತೆ ನಾಲ್ಕೂವರೆ ವರ್ಷ

ಮಂಗಳೂರಿನ ಒಂದು ಮೆಡಿಕಲ್ ಡಿವೈಸ್ ಕಂಪನಿಯಲ್ಲಿ ಅಕೌಂಟ್ಸ್ ಪೇಯೆಬಲ್ ನೋಡಿಕೊಳ್ಳುವವಳು ನಾನು. ಅಂದ್ರೆ ನಾವು ಯಾರಿಗೆ, ಎಷ್ಟು, ಯಾವಾಗ ದುಡ್ಡು ಕೊಡಬೇಕು ಅನ್ನೋ ಲೆಕ್ಕ. ಸ್ಟೆಂಟ್, ಮೊಣಕಾಲಿನ ಇಂಪ್ಲಾಂಟ್ ತರಿಸಿ ಮಂಗಳೂರು, ಮಣಿಪಾಲದ ಆಸ್ಪತ್ರೆಗಳಿಗೆ ಕೊಡುತ್ತೇವೆ. 2021ರಿಂದ ಎಲ್ಲ ಲೆಕ್ಕ ಟ್ಯಾಲಿಪ್ರೈಮ್ ಅನ್ನೋ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲೇ.

ಬೇರೆ ವ್ಯಾಪಾರದಲ್ಲಿ ಮಾಲು ಬಂತು, ಬಿಲ್ ಬಂತು, ದುಡ್ಡು ಕೊಟ್ಟರಾಯಿತು. ನಮ್ಮಲ್ಲಿ ಹಾಗಲ್ಲ. ಸ್ಟೆಂಟ್‌ಗಳು ಬಿಲ್ ಇಲ್ಲದೆ, ಬರೀ ಡೆಲಿವರಿ ಚಲನ್ (ಮಾಲಿನ ಜೊತೆ ಬರುವ ಚೀಟಿ) ಮೇಲೆ ಬಂದು ಆಸ್ಪತ್ರೆಯಲ್ಲಿ ಕೂರುತ್ತವೆ. ಹತ್ತು ಅಳತೆ ಇಟ್ಟಿದ್ದರೆ ಆ ದಿನ ಬಳಸೋದು ಒಂದೋ ಎರಡೋ. ಬಳಸಿದ ಪ್ಯಾಕಿನ ಒಂದು ಸ್ಟಿಕ್ಕರ್ ರೋಗಿಯ ಫೈಲಿಗೆ ಹೋಗುತ್ತೆ, ಇನ್ನೊಂದು ನನ್ನ ಮೇಜಿಗೆ ಬರುತ್ತೆ. ಆ ಪುಟ್ಟ ಚೀಟಿಯಲ್ಲಿ ಅಳತೆ, ಲಾಟ್ ನಂಬರ್, ಎಕ್ಸ್‌ಪೈರಿ ಇರುತ್ತೆ. ಅದನ್ನು ನೋಡಿದ ಮೇಲೆಯೇ ತಯಾರಕರಿಗೆ ನಮ್ಮ ಬಾಕಿ ಹುಟ್ಟೋದು. ಒಂದು ಅಂಕಿ ತಪ್ಪಿದರೆ ಇನ್ನೂ ಕಪಾಟಿನಲ್ಲೇ ಇರುವ ಸ್ಟೆಂಟಿಗೆ ದುಡ್ಡು ಹೋಗುತ್ತೆ. ಬಳಸದೆ ಉಳಿದದ್ದನ್ನೂ ಮರೆಯುವ ಹಾಗಿಲ್ಲ. ಕಳಿಸಿದ ಆರು ತಿಂಗಳೊಳಗೆ ಅದು ವಾಪಸ್ ಹೋಗಬೇಕು, ಇಲ್ಲಾ ಬಿಲ್ ಆಗಬೇಕು. ಜಿಎಸ್‌ಟಿ ನಿಯಮ ಅದು.

ಹಾಗಾಗಿ ಟ್ಯಾಲಿಯಲ್ಲಿ ಒಂದೊಂದು ಆಸ್ಪತ್ರೆಯನ್ನೂ ಒಂದೊಂದು ಗೋಡೌನ್ ಮಾಡಿಟ್ಟಿದ್ದೇವೆ. ಬ್ಯಾಚ್ (ಅಂದ್ರೆ ಲಾಟ್), ಎಕ್ಸ್‌ಪೈರಿ ಆಯ್ಕೆ ಆನ್ ಇದೆ. ಮಾಲು ಬಂದಾಗ ರಿಸೀಪ್ಟ್ ನೋಟ್ (ಮಾಲು ಬಂತು ಅನ್ನೋ ಎಂಟ್ರಿ), ಬಿಲ್ ಬಂದಾಗ ಎರಡನ್ನೂ ಜೋಡಿಸುವ ಅದೇ ಟ್ರ್ಯಾಕಿಂಗ್ ನಂಬರಿಗೆ ಪರ್ಚೇಸ್ ಎಂಟ್ರಿ. 'ಪರ್ಚೇಸ್ ಬಿಲ್ಸ್ ಪೆಂಡಿಂಗ್' ತೆಗೆದರೆ ಸಾಕು, ಮಾಲು ಬಂದು ಬಿಲ್ ಬಾರದ್ದು, ಬಿಲ್ ಬಂದು ಮಾಲು ಬಾರದ್ದು ಎರಡೂ ಕಾಣುತ್ತೆ. ಮಳೆಗಾಲದಲ್ಲಿ ಇದರ ಬೆಲೆ ಗೊತ್ತಾಗುತ್ತೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಬೆಂಗಳೂರಿನ ಬಾಕ್ಸ್ ದಾರಿಯಲ್ಲೇ ಉಳಿಯುತ್ತೆ, ಬಿಲ್ ಮಾತ್ರ ಇಮೇಲ್‌ನಲ್ಲಿ ಬಂದಿರುತ್ತೆ. ಮಾಲು ಕೈಸೇರದೆ ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆಯೋದು) ತಗೊಳ್ಳುವ ಹಾಗಿಲ್ಲ, ಅಲ್ವಾ?

ಮೊದಲ ವರ್ಷ ನಾವು ಒಂದು ತಪ್ಪು ಮಾಡಿದೆವು. ದುಡ್ಡು ಕಳಿಸುವಾಗ ಯಾವ ಬಿಲ್ಲಿಗೆ ಅಂತ ತೋರಿಸದೆ ಸುಮ್ನೆ 'ಆನ್ ಅಕೌಂಟ್' ಹಾಕುತ್ತಿದ್ದೆವು. ಲೆಡ್ಜರ್ ಮೊತ್ತ ಸರಿಯಾಗಿಯೇ ಇತ್ತು. ಆದ್ರೆ ಮಾರ್ಚ್‌ನಲ್ಲಿ ಒಬ್ಬ ಸಪ್ಲೈಯರ್ ಸ್ಟೇಟ್‌ಮೆಂಟ್ ಕಳಿಸಿದಾಗ ಯಾವ ಬಿಲ್ ಬಾಕಿ ಅಂತ ಹೇಳೋಕೆ ಆಗಲಿಲ್ಲ. ಬ್ಯಾಂಕ್ ಪಾಸ್‌ಬುಕ್ ಹಿಡಿದು ಒಂದೊಂದೇ ಜೋಡಿಸಬೇಕಾಯಿತು. ಅವತ್ತಿನಿಂದ 'ಅಗೇನ್‌ಸ್ಟ್ ರೆಫ್', ಅಂದ್ರೆ ಇಂಥ ಬಿಲ್ಲಿಗೆ ಅನ್ನೋ ಗುರುತು, ಇಲ್ಲದೆ ಒಂದು ಪೇಮೆಂಟೂ ಇಲ್ಲ.

ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಅನ್ನೋ ಕಲಂ ಬಂದ ಮೇಲೆ ಈ ಅಭ್ಯಾಸ ನಮ್ಮ ಕೈ ಹಿಡಿಯಿತು. ಸಣ್ಣ, ಅತಿ ಸಣ್ಣ ಉದ್ಯಮಗಳಿಗೆ ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಸಲ್ಲಬೇಕು. ತಡವಾಗಿ ವರ್ಷ ದಾಟಿದರೆ, ದುಡ್ಡು ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚು ತೆರಿಗೆ ಲೆಕ್ಕಕ್ಕೆ ಸಿಗೋದು. ದಿನ ಎಣಿಸೋದು ಬಿಲ್ ತಾರೀಕಿನಿಂದಲ್ಲ, ಮಾಲು ಒಪ್ಪಿಕೊಂಡ ದಿನದಿಂದ. ರಿಸೀಪ್ಟ್ ನೋಟ್ ಅದೇ ದಿನ ಹಾಕಿ ಅಂತ ಸ್ಟೋರಿನವರ ಬೆನ್ನು ಬೀಳೋದು ಅದಕ್ಕೇ. ನಮಗೆ ಸ್ಟೀಲ್ ಟ್ರೇ ಮಾಡಿಕೊಡುವವರದು ಸಣ್ಣ ವರ್ಕ್‌ಶಾಪ್. ನಮ್ಮ ದುಡ್ಡು ತಡವಾದರೆ ಅವರ ಕೆಲಸಗಾರರ ಸಂಬಳ ತಡ. ಅವರ ಬಿಲ್ ನಾನು ಮೊದಲು ನೋಡುತ್ತೇನೆ.

ಐದರಲ್ಲಿ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಹೊಸದಾಗಿ ತಗೊಳ್ಳುವವರು ಬಿಲ್-ವೈಸ್ (ಒಂದೊಂದು ಬಿಲ್ಲಿಗೂ ಬೇರೆ ಲೆಕ್ಕ) ಮತ್ತು ಬ್ಯಾಚ್ ಎರಡನ್ನೂ ಮೊದಲ ದಿನವೇ ಆನ್ ಮಾಡಿ. ಆಮೇಲೆ ಹಳೆ ಎಂಟ್ರಿ ಸರಿಮಾಡೋದು ತುಂಬಾ ಕಷ್ಟ.